ಕಾರಿನೊಳಗೆ ನುಗ್ಗುವ ರಸ್ತೆಯ ಸದ್ದು

ರಾಯಚೂರು ಜಿಲ್ಲೆಯ ಸಿಂಧನೂರಿನಿಂದ ಮಸ್ಕಿ, ಲಿಂಗಸುಗೂರುಗಳ ಕಡೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 150ಎ ಎರೆಭೂಮಿಯ ಸೀಮೆಯನ್ನು ಹಾದುಹೋಗುತ್ತದೆ. ಗೊರೇಬಾಳದ ಸುತ್ತಮುತ್ತ ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಭತ್ತ ಬೆಳೆಯುವ ಈ ನಾಡಿನ ಕಪ್ಪು ಮಣ್ಣಿಗೆ ಒಂದು ವಿಶೇಷ ಗುಣವುಂಟು. ನೀರು ಹೀರಿದಾಗ ಅದು ಉಬ್ಬುತ್ತದೆ. ಒಣಗಿದಾಗ ಕುಗ್ಗಿ ಬಿರಿಯುತ್ತದೆ. ಅಡಿಯ ನೆಲವೇ ಹೀಗೆ ಏರಿಳಿಯುತ್ತಿರುವಾಗ ಅದರ ಮೇಲೆ ಹಾಸಿದ ಡಾಂಬರು ಬಹುಕಾಲ ಸಮನಾಗಿ ನಿಲ್ಲುವುದು ಕಷ್ಟ. ಜೊತೆಗೆ, ಕೆಸರುಗದ್ದೆಗಳಲ್ಲಿ ಉಳುವ ಟ್ರ್ಯಾಕ್ಟರುಗಳು ತಮ್ಮ ಕಬ್ಬಿಣದ ಕೇಜ್ ವೀಲುಗಳನ್ನು ಕಳಚದೆ ರಸ್ತೆಗಿಳಿದರೆ ಅದರ ಮೈಯೆಲ್ಲ ಕಿತ್ತುಹೋಗುತ್ತದೆ. ಇಂತಹ ರಸ್ತೆಗಳಲ್ಲಿ ಸಣ್ಣ ಕಾರಿನಲ್ಲಿ ಪ್ರಯಾಣ ಮಾಡುವವರಿಗೆ, ಗಾಜುಗಳನ್ನೆಲ್ಲ ಏರಿಸಿದ ಮೇಲೂ, ಒಂದು ದಪ್ಪ ಮೊರೆತವೂ ಅದರ ಮೇಲೊಂದು ತೆಳು ಸುಯ್ಲೂ ಬಿಡದೆ ಕೇಳಿಸುತ್ತವೆ. ಹಿಂದೆ ಕುಳಿತವರ ಮಾತು ಮುಂದಿನವರಿಗೆ ಮುಟ್ಟದು. ರೇಡಿಯೋದ ದನಿಯನ್ನು ಏರಿಸಿದರೆ ಹಿಂದಿನಿಂದ ಬರುವ ವಾಹನದ ಹಾರ್ನು ಕೇಳಿಸದು.

ಈ ಸದ್ದನ್ನು ತಾವೇ ತಗ್ಗಿಸಿಕೊಳ್ಳುವ ಹವ್ಯಾಸ ಈಚೆಗೆ ಬೆಳೆದಿದೆ. ರಬ್ಬರಿನ ಹಾಳೆ, ಫೋಮು, ಅಂಟುಪಟ್ಟಿಗಳು ಅಂಗಡಿಗಳಲ್ಲಿ ದೊರೆಯುತ್ತವೆ. ಅವನ್ನು ತಂದು ಬಾಗಿಲಿನಿಂದ ನೆಲದವರೆಗೆ ಮೆತ್ತಿ, ಸಾವಿರಾರು ರೂಪಾಯಿ ವ್ಯಯಮಾಡಿದ ತರುವಾಯವೂ ಸದ್ದು ಮೊದಲಿನಂತೆಯೇ ಇರುವುದನ್ನು ಕಂಡು ನಿರಾಶರಾಗುವವರು ಅನೇಕರು. ಇದಕ್ಕೆ ಕಾರಣವೇನು? ವಸ್ತುಗಳು ಕೆಟ್ಟವೆಂದಲ್ಲ. ಸದ್ದು ಎಲ್ಲಿ ಹುಟ್ಟಿ ಯಾವ ದಾರಿಯಿಂದ ಒಳಗೆ ಬರುತ್ತಿದೆಯೆಂಬುದನ್ನು ಅರಿಯದೆ ಮದ್ದು ಹಾಕಿದ್ದೇ ಕಾರಣ. ಕಾಯಿಲೆ ತಿಳಿಯದೆ ಔಷಧ ಕೊಟ್ಟಂತೆ ಇದೂ ಒಂದು. ಆದ್ದರಿಂದ ನಾವು ಮೊದಲು ಸದ್ದಿನ ಹುಟ್ಟನ್ನೂ ಅದರ ದಾರಿಯನ್ನೂ ನೋಡೋಣ.

ಸದ್ದು ಹುಟ್ಟುವುದೆಲ್ಲಿ?

ಕಾರಿನ ಸದ್ದೆಂದರೆ ಎಂಜಿನ್ನಿನ ಸದ್ದು ಎಂದು ಸಾಮಾನ್ಯರ ಭಾವನೆ. ಮೋಟಾರುಗಳ ಆದಿಕಾಲದಲ್ಲಿ ಅದು ನಿಜವಾಗಿತ್ತು. ಅನಂತರ ಎಂಜಿನ್ನು ಸುಧಾರಿಸಿತು. ಹೊಗೆಕೊಳವೆಯ ಸದ್ದನ್ನಡಗಿಸುವ ಸೈಲೆನ್ಸರುಗಳು ಸುಧಾರಿಸಿದವು. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿದ್ದ ಎಂ. ಎಲ್. ಮುಂಜಾಲರು 1987ರಲ್ಲಿ ಸೈಲೆನ್ಸರುಗಳ ಧ್ವನಿಶಾಸ್ತ್ರವನ್ನು ಕುರಿತು ಬರೆದ ಗ್ರಂಥ ಈ ವಿಷಯದಲ್ಲಿ ಜಗತ್ತಿನಾದ್ಯಂತ ಬಳಕೆಯಲ್ಲಿದೆ. ಹೀಗೆ ಎಂಜಿನ್ನಿನ ದನಿ ತಗ್ಗಿದ ಮೇಲೆ ಅದರ ಮರೆಯಲ್ಲಿದ್ದ ಟೈರಿನ ಸದ್ದು ಮುಂದಕ್ಕೆ ಬಂದಿತು. ಇಂದಿನ ಕಾರು ಗಂಟೆಗೆ ಸುಮಾರು 50 ಕಿಲೋಮೀಟರಿನ ವೇಗವನ್ನು ದಾಟಿ ಒಂದೇ ವೇಗದಲ್ಲಿ ಓಡುವಾಗ ಟೈರು ಮತ್ತು ರಸ್ತೆಗಳ ಸದ್ದೇ ಮೇಲುಗೈಯಾಗುತ್ತದೆ. ವೇಗ ಇನ್ನೂ ಹೆಚ್ಚಿದಂತೆ ಗಾಳಿಯ ಸುಯ್ಲು ಅದಕ್ಕೆ ಕೂಡಿಕೊಳ್ಳುತ್ತದೆ.

ಟೈರು ಸದ್ದು ಮಾಡುವ ಬಗೆ ಒಂದೆರಡಲ್ಲ. ಟೈರಿನ ಮೈಮೇಲೆ ಗೀರುಗಳಿಂದ ಬೇರ್ಪಟ್ಟ ರಬ್ಬರಿನ ತುಂಡುಗಳಿವೆಯಷ್ಟೆ. ಅವು ಒಂದೊಂದಾಗಿ ರಸ್ತೆಗೆ ಬಡಿಯುತ್ತವೆ. 57 ಸೆಂಟಿಮೀಟರ್ ವ್ಯಾಸದ ಟೈರು ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಸೆಕೆಂಡಿಗೆ ಒಂಬತ್ತಕ್ಕಿಂತ ಸ್ವಲ್ಪ ಹೆಚ್ಚು ಸುತ್ತು ತಿರುಗುತ್ತದೆ. ಸುತ್ತಲೂ 70 ತುಂಡುಗಳಿದ್ದರೆ ಸೆಕೆಂಡಿಗೆ ಸುಮಾರು 650 ಬಡಿತಗಳಾದವು. ಎಲ್ಲ ತುಂಡುಗಳೂ ಒಂದೇ ಅಳತೆಯವಾದರೆ ಟೈರು ಒಂದೇ ಶ್ರುತಿಯಲ್ಲಿ ಕೂಗತೊಡಗುತ್ತದೆ. ಅದನ್ನು ತಪ್ಪಿಸಲೆಂದೇ ತಯಾರಕರು ತುಂಡುಗಳ ಅಳತೆಯನ್ನು ಸ್ವಲ್ಪಸ್ವಲ್ಪವೇ ಬದಲಿಸುತ್ತಾರೆ. ಇನ್ನು, ಗೀರುಗಳಲ್ಲಿ ಸಿಕ್ಕಿದ ಗಾಳಿ ರಸ್ತೆಯ ಒತ್ತಿಗೆ ಹಿಂಡಿ ಹೊರಬೀಳುವಾಗ ಸುಯ್ಯೆನ್ನುತ್ತದೆ. ರಸ್ತೆಯ ಜಲ್ಲಿ ಒರಟಾಗಿ ಮೇಲೆದ್ದಿದ್ದರೆ ಟೈರಿನ ಮೈಯಿಡೀ ನಡುಗುತ್ತದೆ.

ಟೈರಿನೊಳಗಿನ ಗಾಳಿಗೂ ತನ್ನದೇ ಆದ ನಾದವುಂಟು. ಅದು ಬಳೆಯಂತೆ ಬಾಗಿದ ಒಂದು ಕೊಳವೆ. ಅದರ ನಡುಸುತ್ತಳತೆ ಸಣ್ಣ ಕಾರಿನಲ್ಲಿ ಸುಮಾರು 1.45 ಮೀಟರ್. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ಇದನ್ನು ಸುತ್ತಳತೆಯಿಂದ ಭಾಗಿಸಿದರೆ 235ರ ಆಸುಪಾಸು ಬರುತ್ತದೆ. ಎಂದರೆ, ಸೆಕೆಂಡಿಗೆ 235 ಸಲ ಕಂಪಿಸುವ ನಾದಕ್ಕೆ ಆ ಗಾಳಿಯ ಬಳೆ ಅನುನಾದ ಕೊಡುತ್ತದೆ. ಕುಣಿಯೊಂದಕ್ಕೆ ಗಾಲಿ ಬಿದ್ದಾಗ ಕೇಳಿಸುವ ‘ಬೊಂಯ್’ ಎಂಬ ದನಿಯಲ್ಲಿ ಇದರ ಪಾಲೂ ಇದೆ.

ಒಳಗೆ ಬರುವ ಎರಡು ದಾರಿಗಳು

ನೆರೆಮನೆಯಲ್ಲಿ ಒನಕೆಯಿಂದ ಕುಟ್ಟುತ್ತಿದ್ದರೆ ಕಿಟಕಿ ಮುಚ್ಚಿದರೂ ಆ ಸದ್ದು ನಿಲ್ಲದು. ಅದು ನೆಲ ಗೋಡೆಗಳನ್ನೇ ಹಿಡಿದು ಬರುತ್ತದೆ. ಅದೇ ಮನೆಯವರ ಮಾತಾದರೆ ಕಿಟಕಿ ಮುಚ್ಚಿದೊಡನೆ ತಗ್ಗುತ್ತದೆ. ಕಾರಿನಲ್ಲಿಯೂ ಹೀಗೆಯೇ. ಟೈರಿನ ನಡುಕ ಗಾಲಿಯಿಂದ ಅಚ್ಚಿಗೆ, ಅಲ್ಲಿಂದ ಸ್ಪ್ರಿಂಗು ಮತ್ತು ರಬ್ಬರಿನ ಬುಶ್ಶುಗಳ ಮೂಲಕ ಕಾರಿನ ಒಡಲಿಗೆ ಏರಿ, ನೆಲ, ಬಾಗಿಲು, ಚಾವಣಿಗಳ ತಗಡುಗಳನ್ನು ಕುಣಿಸುತ್ತದೆ. ಕುಣಿಯುವ ತಗಡು ಒಳಗಿನ ಗಾಳಿಯನ್ನು ನೂಕಿ ಶಬ್ದವಾಗುತ್ತದೆ. ಇದು ಒಡಲಿನ ದಾರಿ. ಟೈರಿನಿಂದ ಗಾಳಿಗೆ ಸೇರಿದ ಶಬ್ದ ಬಾಗಿಲಿನ ಸಂದು, ಗಾಜು, ತಗಡುಗಳನ್ನು ಹಾದು ಒಳಬರುವುದು ಗಾಳಿಯ ದಾರಿ. ಸುಮಾರಾಗಿ ಹೇಳುವುದಾದರೆ, ಸೆಕೆಂಡಿಗೆ ನಾನೂರು ಐನೂರು ಕಂಪನಗಳಿಗಿಂತ ಕೆಳಗಿನ ದಪ್ಪ ದನಿ ಬಹುಮಟ್ಟಿಗೆ ಒಡಲಿನ ದಾರಿಯಿಂದಲೂ, ಅದಕ್ಕೆ ಮೇಲ್ಪಟ್ಟ ತೆಳು ದನಿ ಗಾಳಿಯ ದಾರಿಯಿಂದಲೂ ಬರುತ್ತದೆ. ಒಂದು ದಾರಿಯ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ. ಇಡೀ ವಿಷಯದ ಬೀಜ ಇದರಲ್ಲಿದೆ.

ಇದರೊಡನೆ ಡೆಸಿಬೆಲ್ಲಿನ ಲೆಕ್ಕವನ್ನೂ ವಾಚಕರು ನೆನಪಿಡಬೇಕು. ಇದು ಘಾತಾಂಕದ ಮೇಲೆ ನಿಂತ ಮಾನ. ಇಲ್ಲಿ 70ಕ್ಕೆ 60 ಸೇರಿದರೆ 130 ಆಗುವುದಿಲ್ಲ, 70.4 ಆಗುತ್ತದೆ. ನೆಲದಿಂದ 70, ಬಾಗಿಲಿನಿಂದ 60 ಡೆಸಿಬೆಲ್ ಬರುತ್ತಿದೆಯೆಂದು ಭಾವಿಸೋಣ. ಬಹಳ ಖರ್ಚುಮಾಡಿ ಬಾಗಿಲಿನ ಸದ್ದನ್ನು ಪೂರ್ತಿಯಾಗಿ ನಿಲ್ಲಿಸಿದೆವೆನ್ನಿ. 70.4 ಇದ್ದುದು 70ಕ್ಕೆ ಇಳಿಯಿತು. ಕಿವಿಗೆ ಇದು ತಿಳಿಯುವುದೇ ಇಲ್ಲ. ಬಾಗಿಲನ್ನು ಮುಟ್ಟದೆ ನೆಲದ ಸದ್ದನ್ನೇ 60ಕ್ಕೆ ತಂದರೆ ಒಟ್ಟು 63 ಆಗುತ್ತದೆ. ಇದು ಎಂಥವರಿಗೂ ತಿಳಿಯುವ ಅಂತರ. ಸದ್ದು ಅರ್ಧಕ್ಕಿಳಿಯಿತೆಂದು ಕಿವಿಗೆ ತೋರಬೇಕಾದರೆ ಸುಮಾರು 10 ಡೆಸಿಬೆಲ್ ತಗ್ಗಬೇಕು. ಆದ್ದರಿಂದ ಎಲ್ಲಕ್ಕಿಂತ ದೊಡ್ಡ ಸದ್ದನ್ನು ಮೊದಲು ಹಿಡಿಯಬೇಕು. ಚಿಕ್ಕದರ ಮೇಲೆ ಹಾಕಿದ ಹಣ ನೀರಿನಲ್ಲಿ ಹೋಮ.

ಹುಡುಕುವ ಬಗೆ

ಹುಡುಕಲು ದೊಡ್ಡ ಪ್ರಯೋಗಶಾಲೆ ಬೇಡ. ಮೊಬೈಲ್ ಫೋನಿನಲ್ಲಿ ಶಬ್ದವನ್ನಳೆದು ಅದರ ಆವೃತ್ತಿಗಳನ್ನು ಗೆರೆಗಳಾಗಿ ತೋರಿಸುವ ಸಾಧನಗಳು ಉಚಿತವಾಗಿ ಸಿಗುತ್ತವೆ. ಆವೃತ್ತಿಯೆಂದರೆ ಒಂದು ಸೆಕೆಂಡಿನಲ್ಲಿ ನಡೆಯುವ ಕಂಪನಗಳ ಸಂಖ್ಯೆ. ಫೋನು ಕೊಡುವ ಅಂಕಿಯನ್ನು ಪರಮಸತ್ಯವೆಂದು ತಿಳಿಯಬಾರದು. ಆದರೆ ಅದೇ ಫೋನನ್ನು ಅದೇ ಜಾಗದಲ್ಲಿಟ್ಟು, ಅದೇ ರಸ್ತೆಯ ತುಣುಕಿನಲ್ಲಿ, ಅದೇ ವೇಗದಲ್ಲಿ ಅಳೆದರೆ, ಮೊದಲಿಗೂ ಅನಂತರಕ್ಕೂ ಇರುವ ಅಂತರವನ್ನು ನಂಬಬಹುದು. ಅಳೆಯುವ ಕೆಲಸ ಪಕ್ಕದಲ್ಲಿ ಕುಳಿತವರದು. ನಡೆಸುವವರ ಕಣ್ಣು ರಸ್ತೆಯ ಮೇಲೆಯೇ ಇರಬೇಕು.

ಮೊದಲನೆಯ ಪರೀಕ್ಷೆ: ವಾಹನಸಂಚಾರವಿಲ್ಲದ, ಸಮತಟ್ಟಾದ, ನೇರ ರಸ್ತೆಯಲ್ಲಿ 60 ಕಿಲೋಮೀಟರ್ ವೇಗಕ್ಕೆ ಬಂದು ಗೇರನ್ನು ಕೆಲವು ಕ್ಷಣ ನ್ಯೂಟ್ರಲ್ಲಿಗೆ ತರುವುದು. ಎಂಜಿನ್ನನ್ನು ಮಾತ್ರ ಯಾವ ಕಾರಣಕ್ಕೂ ನಿಲ್ಲಿಸಬಾರದು. ನಿಲ್ಲಿಸಿದರೆ ಬ್ರೇಕು, ಸ್ಟಿಯರಿಂಗುಗಳ ನೆರವು ತಪ್ಪುತ್ತದೆ. ಎಂಜಿನ್ನು ಸುಮ್ಮನೆ ತಿರುಗುತ್ತಿರುವಾಗಲೂ ಸದ್ದು ಹಾಗೆಯೇ ಇದ್ದರೆ ಅದು ಟೈರು ರಸ್ತೆಗಳದ್ದು. ಎರಡನೆಯದು: ಹೊಸ ಡಾಂಬರಿನ ನುಣುಪಾದ ತುಣುಕಿನಿಂದ ಒರಟು ತುಣುಕಿಗೆ ಹೋದಾಗ ಸದ್ದು ಹೇಗೆ ಬದಲಾಗುವುದೆಂದು ಕೇಳುವುದು. ಮೂರನೆಯದು: ಬಾಗಿಲಿನ ರಬ್ಬರು ಪಟ್ಟಿಯ ಮೇಲೆ ಒಂದು ಕಾಗದದ ಚೀಟಿಯನ್ನಿಟ್ಟು ಬಾಗಿಲು ಮುಚ್ಚಿ ಎಳೆಯುವುದು. ಚೀಟಿ ಬಿಗಿಯಾಗಿ ಹಿಡಿದುಕೊಂಡರೆ ಸರಿ. ಸಲೀಸಾಗಿ ಜಾರಿಬಂದರೆ ಅಲ್ಲಿ ಸಂದಿದೆ. ನಾಲ್ಕನೆಯದು: ನೆಲಹಾಸನ್ನೆತ್ತಿ, ಡಿಕ್ಕಿಯ ತಳವನ್ನೂ ಗಾಲಿಯ ಮೇಲಿನ ಕಮಾನನ್ನೂ ಬೆರಳ ಗೆಣ್ಣಿನಿಂದ ತಟ್ಟುವುದು. ‘ಠಣ್’ ಎಂದು ನಾದ ಉಳಿದರೆ ಆ ತಗಡು ಕುಣಿಯುವಂಥದು. ‘ದಬ್’ ಎಂದು ಒಡನೆ ಅಡಗಿದರೆ ಅದಕ್ಕೆ ಚಿಕಿತ್ಸೆ ಬೇಡ.

ಕುಣಿತವನ್ನಡಗಿಸುವುದು

ಇನ್ನು ಒಡಲಿನ ದಾರಿಗೆ ಮದ್ದು. ಇದನ್ನು ತಿಳಿಯಲು ಮನೆಯಲ್ಲಿಯೇ ಒಂದು ಪ್ರಯೋಗ ಮಾಡಬಹುದು. ಸ್ಟೀಲಿನ ತಟ್ಟೆಯೊಂದನ್ನು ಅಂಚಿನಲ್ಲಿ ಸಡಿಲವಾಗಿ ಹಿಡಿದು ಚಮಚದಿಂದ ಬಾರಿಸಿರಿ. ಅದು ಬಹಳ ಹೊತ್ತು ಅನುರಣಿಸುತ್ತದೆ. ರೊಟ್ಟಿಗೆ ಕಲಸಿದ ಜೋಳದ ಹಿಟ್ಟಿನ ಒಂದು ಸಣ್ಣ ಉಂಡೆಯನ್ನು ಅದರ ನಡುವೆ ತೆಳುವಾಗಿ ಮೆತ್ತಿ ಮತ್ತೆ ಬಾರಿಸಿರಿ. ದನಿ ಹುಟ್ಟಿದೊಡನೆಯೇ ಸಾಯುತ್ತದೆ. ತಟ್ಟೆ ಬಾಗಿದಂತೆ ಹಿಟ್ಟೂ ಹಿಗ್ಗಿ ಕುಗ್ಗಬೇಕು. ಅದರೊಳಗಿನ ತಿಕ್ಕಾಟದಲ್ಲಿ ಕಂಪನದ ಶಕ್ತಿ ಶಾಖವಾಗಿ ಪರಿಣಮಿಸುತ್ತದೆ. ಮೃದಂಗದ ಕರಣೆಯೂ ನಡುವೆ ಮೆತ್ತಿದ್ದೇ ಅಲ್ಲವೆ, ಅದೇಕೆ ದನಿಯನ್ನು ಕೊಲ್ಲುವುದಿಲ್ಲ ಎಂದು ಯಾರಾದರೂ ಕೇಳಬಹುದು. ಸಿ. ವಿ. ರಾಮನ್ನರು 1920ರಲ್ಲಿ ನಮ್ಮ ಚರ್ಮವಾದ್ಯಗಳನ್ನು ಕುರಿತು ಪ್ರಕಟಿಸಿದ ಸಂಶೋಧನೆಯಲ್ಲಿ ಕರಣೆಯ ಭಾರ ಚರ್ಮದ ಉಪನಾದಗಳನ್ನು ಒಂದಕ್ಕೊಂದು ಹೊಂದುವಂತೆ ಮಾಡುತ್ತದೆಂದು ತೋರಿಸಿದರು. ಅಲ್ಲಿ ಭಾರದ ಕೆಲಸ ಕಂಪನಕ್ಕೆ ಕ್ರಮ ಕೊಡುವುದು. ಇಲ್ಲಿ ಮೆದು ಪದಾರ್ಥದ ಕೆಲಸ ಕಂಪನದ ಶಕ್ತಿಯನ್ನು ತಿಂದುಹಾಕುವುದು.

ತೆಳು ತಗಡಿನ ಮೇಲೆ ಅಂಟಿಸಿದ ಇಂತಹ ಲೇಪಗಳು ಹೇಗೆ ಕೆಲಸಮಾಡುತ್ತವೆಂಬುದನ್ನು ಜರ್ಮನಿಯ ಹರ್ಮನ್ ಓಬರ್ಸ್ಟ್ 1952ರಲ್ಲಿ ಗಣಿತರೂಪದಲ್ಲಿ ವಿವರಿಸಿದನು. ಮೆದು ಪದರದ ಮೇಲೆ ಮತ್ತೊಂದು ಬಿರುಸಾದ ತೆಳು ಹಾಳೆಯನ್ನು ಕೂಡಿಸಿದರೆ ನಡುವಣ ಪದರ ಇನ್ನೂ ಹೆಚ್ಚಾಗಿ ಉಜ್ಜಾಡಿ ಹೆಚ್ಚು ಶಕ್ತಿಯನ್ನು ಹೀರುತ್ತದೆಂಬುದನ್ನು ಅಮೆರಿಕದ ಕರ್ವಿನ್ 1959ರಲ್ಲಿ ಲೆಕ್ಕಹಾಕಿ ತೋರಿಸಿದನು. ಇಂದು ಅಂಗಡಿಯಲ್ಲಿ ಸಿಗುವ, ಬೆನ್ನಿಗೆ ಅಲ್ಯೂಮಿನಿಯಮ್ ಹಾಳೆಯಿರುವ ಬ್ಯೂಟೈಲ್ ರಬ್ಬರಿನ ಪಟ್ಟಿ ಈ ತತ್ತ್ವದ ಮೇಲೆ ರಚಿತವಾದುದು.

ಇದನ್ನು ತಗಡಿನ ಇಂಚಿಂಚಿಗೂ ಅಂಟಿಸಬೇಕಾಗಿಲ್ಲವೆಂಬುದು ಉಪಯುಕ್ತವಾದ ಸಂಗತಿ. ಹೆಚ್ಚು ಬಾಗುವುದು ತಗಡಿನ ನಡುಭಾಗ. ಆ ಭಾಗದಲ್ಲಿ ಒಟ್ಟು ವಿಸ್ತೀರ್ಣದ ಕಾಲುಭಾಗದಷ್ಟನ್ನು ಮುಚ್ಚಿದರೂ ಪ್ರಯೋಜನದ ಬಹುಪಾಲು ದಕ್ಕುತ್ತದೆ. ಆದರೆ ಅಂಟು ಪೂರ್ತಿಯಾಗಿ ಹಿಡಿಯಬೇಕು. ಧೂಳು, ಎಣ್ಣೆ ಜಿಡ್ಡುಗಳನ್ನು ಸ್ಪಿರಿಟಿನಿಂದ ಒರೆಸಿ, ಪಟ್ಟಿಯನ್ನಿಟ್ಟು ಸಣ್ಣ ರೋಲರಿನಿಂದ ಬಲವಾಗಿ ಒತ್ತಬೇಕು. ಒಳಗೆ ಗಾಳಿಯ ಗುಳ್ಳೆ ಉಳಿದರೆ ಪಟ್ಟಿ ತಗಡಿನೊಡನೆ ಬಾಗದು, ಶಕ್ತಿಯನ್ನು ಹೀರದು. ಮನೆಯ ಮಾಳಿಗೆಗೆ ಬಳಸುವ ಡಾಂಬರಿನ ಹಾಳೆ ಅಗ್ಗವೆಂದು ಕೆಲವರು ಅದನ್ನೇ ಅಂಟಿಸುತ್ತಾರೆ. ರಾಯಚೂರು ಸೀಮೆಯ ಬೇಸಗೆಯಲ್ಲಿ ಉಷ್ಣತೆ 40 ಡಿಗ್ರಿ ಸೆಲ್ಸಿಯಸನ್ನು ದಾಟುವುದು ವಾಡಿಕೆ. ಬಿಸಿಲಿನಲ್ಲಿ ನಿಂತ ಕಾರಿನ ತಗಡು ಅದಕ್ಕಿಂತಲೂ ಬಹಳ ಹೆಚ್ಚು ಕಾಯುತ್ತದೆ. ಆಗ ಡಾಂಬರು ಮೆತ್ತಗಾಗಿ ಜಾರುತ್ತದೆ, ನಾರುತ್ತದೆ.

ಸಂದು, ಭಾರ, ಹತ್ತಿ

ಗಾಳಿಯ ದಾರಿಗೆ ಮೊದಲ ಮದ್ದು ಸಂದುಗಳನ್ನು ಮುಚ್ಚುವುದು. ಒಂದು ಚದರ ಮೀಟರಿನ ಬಾಗಿಲಿನ ರಬ್ಬರಿನಲ್ಲಿ ಒಂದು ಮೀಟರ್ ಉದ್ದಕ್ಕೆ ಒಂದು ಮಿಲಿಮೀಟರ್ ಸಂದಿದೆಯೆನ್ನಿ. ಅದು ಬಾಗಿಲಿನ ಸಾವಿರದ ಒಂದು ಪಾಲು ಮಾತ್ರ. ಆದರೂ ಉಳಿದ ಭಾಗ ಎಷ್ಟೇ ಗಟ್ಟಿಯಾಗಿರಲಿ, ಆ ಬಾಗಿಲು 30 ಡೆಸಿಬೆಲ್ಲಿಗಿಂತ ಹೆಚ್ಚನ್ನು ತಡೆಯಲಾರದು. ಸಂದು ನೂರರಲ್ಲೊಂದು ಪಾಲಾದರೆ ತಡೆ 20ಕ್ಕೆ ಇಳಿಯುತ್ತದೆ. ತೂತುಬಿದ್ದ ಕೊಡಕ್ಕೆ ಬಂಗಾರದ ಲೇಪ ಕೊಟ್ಟರೂ ನೀರು ಸೋರುವುದು ತಪ್ಪದು. ಹಳೆಯ ಕಾರುಗಳಲ್ಲಿ ಬಾಗಿಲಿನ ರಬ್ಬರನ್ನು ಬದಲಿಸುವುದು, ನೆಲದಲ್ಲಿ ವೈರುಗಳು ಹಾಯುವ ತೂತುಗಳಿಗೆ ಬಿದ್ದುಹೋದ ರಬ್ಬರಿನ ಬಿರಡೆಗಳನ್ನು ಮತ್ತೆ ಹಾಕುವುದು, ಇವೇ ಅತ್ಯಂತ ಅಗ್ಗವಾದ ಶಬ್ದನಿವಾರಣೆ.

ಎರಡನೆಯ ಮದ್ದು ಭಾರ. ಗೋಡೆ ಭಾರವಾದಷ್ಟೂ ಶಬ್ದದ ಅಲೆಗೆ ಅದನ್ನು ಅಲುಗಿಸುವುದು ಕಷ್ಟ. ಒಂದು ಚದರ ಮೀಟರಿನ ರಾಶಿ ಇಮ್ಮಡಿಯಾದರೆ ತಡೆ ಸುಮಾರು 6 ಡೆಸಿಬೆಲ್ ಏರುತ್ತದೆ. ಆವೃತ್ತಿ ಇಮ್ಮಡಿಯಾದರೂ ಅಷ್ಟೇ ಏರುತ್ತದೆ. 0.8 ಮಿಲಿಮೀಟರ್ ದಪ್ಪದ ಉಕ್ಕಿನ ತಗಡು ಚದರ ಮೀಟರಿಗೆ 6.2 ಕಿಲೋಗ್ರಾಂ ತೂಗುತ್ತದೆ. ಈ ನಿಯಮದ ಪ್ರಕಾರ ಅದು ಸೆಕೆಂಡಿಗೆ 1000 ಕಂಪನಗಳ ಶಬ್ದವನ್ನು ಸುಮಾರು 29 ಡೆಸಿಬೆಲ್ಲಿನಷ್ಟು ತಡೆದರೆ, 100 ಕಂಪನಗಳದನ್ನು ಕೇವಲ 9ರಷ್ಟು ತಡೆಯುತ್ತದೆ. ಇನ್ನೊಂದು 6 ಡೆಸಿಬೆಲ್ ಬೇಕಾದರೆ ಪ್ರತಿ ಚದರ ಮೀಟರಿಗೂ ಮತ್ತೆ 6.2 ಕಿಲೋಗ್ರಾಂ ಹೊರಿಸಬೇಕು. 3 ಚದರ ಮೀಟರಿನ ನೆಲವೊಂದಕ್ಕೇ ಸುಮಾರು 19 ಕಿಲೋಗ್ರಾಂ. ಈ ತೂಕವನ್ನು ಹೊತ್ತು ತಿರುಗಲು ಪ್ರತಿದಿನವೂ ಇಂಧನ ಸುಡಬೇಕು. ಆದುದರಿಂದ ಭಾರದ ಹಾಳೆಯನ್ನು ಮುಂಭಾಗದ ಕಾಲಡಿ ಮತ್ತು ಗಾಲಿಗಳ ಕಮಾನುಗಳಂತಹ ಆಯ್ದ ಜಾಗಗಳಿಗೆ ಮಾತ್ರ ಮೀಸಲಿಡುವುದು ವಿವೇಕ.

ಮೂರನೆಯದು, ಒಳಗೆ ಬಂದ ಶಬ್ದವನ್ನು ಹೀರುವುದು. 1895ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಒಂದು ಉಪನ್ಯಾಸಮಂದಿರದಲ್ಲಿ ಮಾತು ಮೊಳಗಿ ಅರ್ಥವಾಗದೆ ಹೋದಾಗ, ವ್ಯಾಲೇಸ್ ಸ್ಯಾಬಿನ್ ಎಂಬ ಭೌತವಿಜ್ಞಾನಿ ನಾಟಕಮಂದಿರದ ಮೆತ್ತೆಗಳನ್ನು ರಾತ್ರಿ ಹೊತ್ತು ಅಲ್ಲಿಗೆ ಸಾಗಿಸಿ, ಎಷ್ಟು ಮೆತ್ತೆಗೆ ಮೊಳಗು ಎಷ್ಟು ತಗ್ಗುವುದೆಂದು ಅಳೆದನು. ವಿಜಯಪುರದ ಗೋಲಗುಮ್ಮಟದಲ್ಲಿ ಪಿಸುಮಾತೂ ಸುತ್ತಿ ಬರಲು ಅದರ ಗಟ್ಟಿಯಾದ ಬಾಗುಗೋಡೆಯೇ ಕಾರಣ. ನೂಲು, ಹತ್ತಿ, ಫೋಮುಗಳಂತಹ ರಂಧ್ರಮಯ ವಸ್ತುಗಳಲ್ಲಿ ಗಾಳಿ ಎಳೆಗಳ ನಡುವೆ ಉಜ್ಜಿ ತನ್ನ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಆದರೆ ಇದು ಚೆನ್ನಾಗಿ ನಡೆಯಬೇಕಾದರೆ ವಸ್ತುವಿನ ದಪ್ಪ ತರಂಗದೂರದ ಕಾಲುಭಾಗದ ಸಮೀಪವಿರಬೇಕು. 1000 ಕಂಪನಗಳ ಶಬ್ದದ ತರಂಗದೂರ 34 ಸೆಂಟಿಮೀಟರ್. ಅದರ ಕಾಲುಭಾಗ ಎಂಟೂವರೆ. 100 ಕಂಪನಗಳಿಗೆ ಈ ಕಾಲುಭಾಗವೇ 85 ಸೆಂಟಿಮೀಟರ್! ಹೀಗಿರುವಾಗ ಒಂದೆರಡು ಸೆಂಟಿಮೀಟರ್ ದಪ್ಪದ ಫೋಮು ತೆಳು ದನಿಯನ್ನು ಹೀರಬಲ್ಲುದೇ ಹೊರತು ದಪ್ಪ ಮೊರೆತವನ್ನು ಮುಟ್ಟಲಾರದು. ಎರಡು ಮೀಟರ್ ಉದ್ದದ ಕಾರಿನ ಒಳಕೋಣೆಯೇ ಸೆಕೆಂಡಿಗೆ ಸುಮಾರು 85 ಕಂಪನಗಳಿಗೆ ಅನುನಾದ ಕೊಡುತ್ತದೆ. ಆ ಗುಂಯ್ಗುಡುವಿಕೆಗೆ ಫೋಮಿನಿಂದ ಪರಿಹಾರವಿಲ್ಲ. ಕುಣಿಯುವ ತಗಡನ್ನೇ ಅಡಗಿಸಬೇಕು.

ರಾಯಚೂರು ಸೀಮೆ ಹತ್ತಿಗೆ ಹೆಸರಾದುದು. ಹಳೆಯ ಬಟ್ಟೆಗಳ ಹತ್ತಿಯನ್ನು ಕೆದರಿ, ಒತ್ತಿ ಮಾಡಿದ ಹಾಸನ್ನು ಕಾರು ತಯಾರಕರೂ ಬಳಸುತ್ತಾರೆ. ಹಾಗೆಂದು ಹಾಸಿಗೆಯ ಹತ್ತಿಯನ್ನೋ ಗೋಣಿಚೀಲವನ್ನೋ ಬಾಗಿಲಿನೊಳಗೆ ತುರುಕಬಾರದು. ಕಾರಿಗೆಂದು ಬರುವ ಹಾಸನ್ನು ಬೆಂಕಿಗೆ ಬೇಗ ಉರಿಯದಂತೆ ಸಂಸ್ಕರಿಸಿರುತ್ತಾರೆ. ತುರುಕಿದ ಹತ್ತಿ ನೀರು ಹಿಡಿದು ತಗಡಿಗೆ ತುಕ್ಕು ತರುತ್ತದೆ, ಇಲಿಗಳಿಗೆ ಮನೆಯಾಗುತ್ತದೆ, ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ.

ಎಚ್ಚರದ ಮಾತುಗಳು

ಬಾಗಿಲಿನ ತಳದಲ್ಲಿ ಮಳೆನೀರು ಹರಿದುಹೋಗಲು ಸಣ್ಣ ಕಿಂಡಿಗಳಿರುತ್ತವೆ; ಅವನ್ನು ಮುಚ್ಚಕೂಡದು. ಪಕ್ಕದ ಏರ್‌ಬ್ಯಾಗುಗಳಿರುವ ಕೆಲವು ಕಾರುಗಳ ಬಾಗಿಲಿನೊಳಗೆ ಅಪಘಾತವನ್ನು ಗಾಳಿಯ ಒತ್ತಡದಿಂದ ಅರಿಯುವ ಸಾಧನವಿರುತ್ತದೆ. ಅಂತಹ ಬಾಗಿಲುಗಳನ್ನೂ, ಏರ್‌ಬ್ಯಾಗು ಅಡಗಿರುವ ಕಂಬ ಚಾವಣಿಗಳನ್ನೂ ಮನೆಯಲ್ಲಿ ಬಿಚ್ಚದಿರುವುದೇ ಕ್ಷೇಮ. ಹೊಗೆಕೊಳವೆಯ ಹತ್ತಿರ ಶಾಖ ತಾಳದ ವಸ್ತುವನ್ನು ಇಡಬಾರದು.

ಇವೆಲ್ಲಕ್ಕಿಂತ ಮುಖ್ಯವಾದುದು ಮತ್ತೊಂದಿದೆ. ಸದ್ದು ಬರಿಯ ಉಪದ್ರವವಲ್ಲ, ಅದು ಸುದ್ದಿಯೂ ಹೌದು. ಗಾಲಿಯ ಬೇರಿಂಗು ಸವೆದಾಗ ಹೊರಡುವ ಗುಂಯ್ಕಾರ ತಿರುವುಗಳಲ್ಲಿ ಏರಿಳಿಯುತ್ತದೆ. ಟೈರು ಒಂದೇ ಮಗ್ಗುಲಿಗೆ ತಿಂದುಹೋಗಿದ್ದರೆ ತಾಳ ಹಾಕಿದಂತೆ ಬಡಿಯುತ್ತದೆ. ಹಳಸಿದ ಬುಶ್ಶು ಕುಣಿಯಲ್ಲಿ ಕಟಕಟವೆನ್ನುತ್ತದೆ. ಇವುಗಳ ಮೇಲೆ ರಬ್ಬರು ಮುಚ್ಚಿ ಕುಳಿತರೆ ರೋಗ ಗುಣವಾಗುವುದಿಲ್ಲ. ಅದರ ಕೂಗು ಮಾತ್ರ ಕೇಳಿಸದಾಗುತ್ತದೆ. ಒಂದು ದಿನ ಗಾಲಿಯೇ ಸಿಕ್ಕಿಕೊಂಡಾಗ ಪ್ರಾಣಕ್ಕೆ ಕುತ್ತು. ಆದ್ದರಿಂದ ಕೆಲಸದ ಕ್ರಮ ಹೀಗಿರಬೇಕು: ಮೊದಲು ದುರಸ್ತಿ, ಅನಂತರ ಟೈರಿನ ಗಾಳಿಯನ್ನು ತಯಾರಕರು ಹೇಳಿದ ಒತ್ತಡಕ್ಕೆ ತರುವುದು, ಆಮೇಲೆ ಸಂದು, ಆಮೇಲೆ ಕುಣಿಯುವ ತಗಡು, ಕಡೆಯಲ್ಲಿ ಭಾರ ಮತ್ತು ಹಾಸು. ಪ್ರತಿ ಹಂತದ ತರುವಾಯವೂ ಅಳೆದು ನೋಡಿ, ಸಾಕೆನಿಸಿದಲ್ಲಿ ನಿಲ್ಲಿಸಬೇಕು.

ಕಾರಿನೊಳಗೆ ಮಾಡಿದ ಈ ಉಪಾಯಗಳಲ್ಲಿ ಹೆಚ್ಚಿನವು ಒಳಗಿದ್ದವರಿಗೆ ಮಾತ್ರ ನೆಮ್ಮದಿ ಕೊಡುವಂಥವು. ಹೆದ್ದಾರಿಯ ಬದಿಯ ಮನೆಗಳಿಗೂ ಶಾಲೆಗಳಿಗೂ ಅದೇ ಟೈರು ಅಷ್ಟೇ ಸದ್ದನ್ನು ಕಳುಹಿಸುತ್ತಿರುತ್ತದೆ. ನಮ್ಮ ದೇಶದ 2000ದ ಶಬ್ದಮಾಲಿನ್ಯ ನಿಯಮಗಳು ವಾಸದ ಪ್ರದೇಶಕ್ಕೆ ಹಗಲಿನಲ್ಲಿ 55, ರಾತ್ರಿಯಲ್ಲಿ 45 ಡೆಸಿಬೆಲ್ ಎಂಬ ಮಿತಿಯನ್ನು ಹಾಕಿವೆ. ಒಳಗಿನವರಿಗೂ ಹೊರಗಿನವರಿಗೂ ಒಟ್ಟಿಗೆ ಹಿತವಾಗುವ ಉಪಾಯ ಒಂದಿದೆ. ಅದಕ್ಕೆ ಕಾಸಿನ ಖರ್ಚೂ ಇಲ್ಲ. ಟೈರಿನ ಸದ್ದು ವೇಗದೊಡನೆ ಬಹು ಬೇಗ ಏರುತ್ತದೆ. 80 ಕಿಲೋಮೀಟರಿನ ವೇಗವನ್ನು 60ಕ್ಕೆ ಇಳಿಸಿದರೆ ಅದು ಸುಮಾರು 4 ಡೆಸಿಬೆಲ್ ತಗ್ಗುತ್ತದೆ. ದಿನವಿಡೀ ಶ್ರಮಪಟ್ಟು ಮೆತ್ತಿದ ಹಾಳೆಗಳಿಂದಲೂ ಬಹುಮಟ್ಟಿಗೆ ದೊರೆಯುವುದು ಇಂಥ ಕೆಲವೇ ಡೆಸಿಬೆಲ್ಲುಗಳು. ಊರುಗಳ ನಡುವೆ ಹಾಯುವಾಗಲಾದರೂ ಕಾಲನ್ನು ಸ್ವಲ್ಪ ಸಡಿಲಿಸಿದರೆ ಕಾರಿನವರ ಮಾತುಕತೆಯೂ ಸಾಗುತ್ತದೆ, ಬದಿಯ ಶಾಲೆಯ ಪಾಠವೂ ಸಾಗುತ್ತದೆ.